‘ದುರ್ಬಲಗೊಳಿಸು’ ಬದಲು ಸರಿಯಾದ ಪದ ಆರಿಸುವುದು ಹೇಗೆ?

ಬೇರೆಯವರ ಬರಹ ತಿದ್ದುವುದು ನನ್ನ ಕೆಲಸ. ದಿನಕ್ಕೆ ಒಂದು ಸಲವಾದರೂ ಎದುರಾಗುವ ಪದ ‘ದುರ್ಬಲಗೊಳಿಸು’. ಬರಗಾಲ ರೈತನನ್ನು ದುರ್ಬಲಗೊಳಿಸಿತು, ಜ್ವರ ಮಗುವನ್ನು ದುರ್ಬಲಗೊಳಿಸಿತು, ಗೆದ್ದಲು ಬಾಗಿಲನ್ನು ದುರ್ಬಲಗೊಳಿಸಿತು. ಪದ ತಪ್ಪಲ್ಲ. ಆದರೆ ಮೂರೂ ಕಡೆ ಅದನ್ನೇ ಹಾಕಿದರೆ ಓದುವವರ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಬರಕ್ಕೆ ರೈತ ಕಂಗೆಡುತ್ತಾನೆ. ಜ್ವರಕ್ಕೆ ಮಗು ಸೊರಗುತ್ತದೆ. ಗೆದ್ದಲು ಹಿಡಿದ ಬಾಗಿಲು ಟೊಳ್ಳಾಗುತ್ತದೆ. ಎಷ್ಟು ಬೇರೆ ಬೇರೆ ಅಲ್ವಾ?

ಮೊದಲ ಹೆಜ್ಜೆ ಸುಲಭ. ಬಲ ಹೋಗಿದ್ದು ಯಾವುದರದ್ದು ಎಂದು ಕೇಳಿಕೊಳ್ಳಿ. ಪೈರು ಬಾಡುತ್ತದೆ, ದನಿ ಉಡುಗುತ್ತದೆ, ದೀಪ ಮಂಕಾಗುತ್ತದೆ, ಗೋಡೆ ಶಿಥಿಲವಾಗುತ್ತದೆ, ನಟ್ಟು ಸಡಿಲವಾಗುತ್ತದೆ, ಮನಸ್ಸು ಕುಗ್ಗುತ್ತದೆ, ದೃಷ್ಟಿ ಮಂದವಾಗುತ್ತದೆ. ವಸ್ತು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಎರಡನೆಯದು: ಬಲ ಕಡಿಮೆಯಾಯಿತೋ, ಪೂರ್ತಿ ನಿಂತೇ ಹೋಯಿತೋ? ಇಲ್ಲಿ ಎಡವುವವರು ಬಹಳ ಜನ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮಳೆನೀರಲ್ಲಿ ಮುಳುಗಿತು. ಐಟಿ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ಟ್ರ್ಯಾಕ್ಟರಿನಲ್ಲಾದರೂ ಜನ ಓಡಾಡುತ್ತಿದ್ದರು, ಹಾಗಾಗಿ ಅದು ‘ಅಸ್ತವ್ಯಸ್ತ’. 2020ರ ಮಾರ್ಚ್ 22ರ ಜನತಾ ಕರ್ಫ್ಯೂ ದಿನ ಬೀದಿಗಳು ಖಾಲಿ ಹೊಡೆಯುತ್ತಿದ್ದವು. ಅದು ‘ಸ್ತಬ್ಧ’. ಒಂದು ರಸ್ತೆಯಲ್ಲಿ ಅರ್ಧ ಗಂಟೆ ಟ್ರಾಫಿಕ್ ಜಾಮ್ ಆದರೆ ‘ನಗರ ಸ್ತಬ್ಧ’ ಎಂದು ಬರೆಯಬೇಡಿ.

ಮೂರನೆಯ ಹೆಜ್ಜೆಗೆ ಸ್ವಲ್ಪ ಜಾಸ್ತಿ ಸಮಯ ಕೊಡಿ. ಇದು ಮೈಗೆ ಸಂಬಂಧಿಸಿದ ಪದಗಳ ವಿಷಯ. ಇಲ್ಲಿ ಪದ ತಪ್ಪಿದರೆ ಜೀವಕ್ಕೇ ಕುತ್ತು ಬರಬಹುದು.

ನಮ್ಮ ದೊಡ್ಡಮ್ಮ ಒಂದು ಸಂಜೆ ಕಾಫಿ ಲೋಟ ಕೈಬಿಟ್ಟರು. ‘ಕೈ ಯಾಕೋ ಸುಸ್ತಾಗಿದೆ ಕಣಪ್ಪಾ’ ಎಂದರು. ನಾನು ಪರಿಚಯದ ಡಾಕ್ಟರಿಗೆ ಫೋನ್ ಮಾಡಿ ಅದನ್ನೇ ಹೇಳಿದೆ: ‘ದೊಡ್ಡಮ್ಮನಿಗೆ ಸುಸ್ತಂತೆ.’ ಸುಸ್ತಿಗೆ ಯಾರಾದರೂ ಏನು ಹೇಳುತ್ತಾರೆ? ಮಲಗಲಿ, ಎಳನೀರು ಕೊಡಿ ಎಂದರು. ಬೆಳಗ್ಗೆ ಎದ್ದಾಗ ಬಲಗೈ, ಬಲಗಾಲು ಎರಡೂ ಬಿದ್ದುಹೋಗಿದ್ದವು. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ ಅದನ್ನು ಲಕ್ಷಣ ಕಾಣಿಸಿದ 4.5 ಗಂಟೆಯೊಳಗೆ ಕೊಡಬೇಕು. ನಾವು ಆಸ್ಪತ್ರೆ ಮುಟ್ಟುವಾಗ ಲೋಟ ಕೈಬಿಟ್ಟು ಹನ್ನೆರಡು ಗಂಟೆಗೂ ಹೆಚ್ಚು ಹೊತ್ತಾಗಿತ್ತು. ನಾನು ಹೇಳಿದ ಆ ಒಂದು ಪದ ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಅದಕ್ಕೇ ಈ ಪದಗಳನ್ನು ಬಿಡಿಸಿ ಹೇಳುತ್ತೇನೆ. ‘ಸುಸ್ತು’ ಎಂದರೆ ಇಡೀ ಮೈಗೆ ಆಗುವ ದಣಿವು, ಮಲಗಿದರೆ ಹೋಗಬಹುದು. ‘ನಿತ್ರಾಣ’ ಅದಕ್ಕಿಂತ ಮುಂದಿನದು, ಎದ್ದು ಕೂರಲೂ ತ್ರಾಣವಿಲ್ಲ. ‘ಜೋಮು’ ಎಂದರೆ ಚಕ್ಕಳಮಕ್ಕಳ ಹಾಕಿ ತುಂಬಾ ಹೊತ್ತು ಕೂತು ಎದ್ದಾಗ ಕಾಲಲ್ಲಿ ಆಗುವ ಜುಮುಜುಮು. ‘ಮರಗಟ್ಟು’ ಎಂದರೆ ಮುಟ್ಟಿದರೂ ಗೊತ್ತಾಗದಿರುವುದು, ಚಳಿಗೆ ಬೆರಳು ಮರಗಟ್ಟುತ್ತದಲ್ಲ, ಹಾಗೆ. ‘ಸೆಟೆದುಕೊಳ್ಳು’ ಎಂದರೆ ಬಿಗಿಯಾಗಿ ಬಾಗದಿರುವುದು. ‘ಸ್ವಾಧೀನ ತಪ್ಪು’ ಎಂದರೆ ಕೈಕಾಲು ನಾವು ಹೇಳಿದ ಹಾಗೆ ಕೇಳದಿರುವುದು. ದೊಡ್ಡಮ್ಮನಿಗೆ ಆಗಿದ್ದು ಈ ಕೊನೆಯದು.

ಪದ ಹೊಳೆಯದಿದ್ದರೆ ಪದಕ್ಕಾಗಿ ಹುಡುಕಬೇಡಿ, ಆಗಿದ್ದನ್ನು ಹೇಳಿ. ‘ಆರು ಗಂಟೆಯಿಂದ ಬಲಗೈ ಎತ್ತೋಕೆ ಆಗ್ತಿಲ್ಲ, ಲೋಟ ಹಿಡಿಯೋಕೆ ಆಗ್ತಿಲ್ಲ.’ ಯಾವ ಕಡೆ, ಯಾವಾಗಿನಿಂದ, ಏನು ಮಾಡಲು ಆಗುತ್ತಿಲ್ಲ, ಈ ಮೂರು ಸಾಕು. ಹೀಗೆ ಇದ್ದಕ್ಕಿದ್ದಂತೆ ಕೈಕಾಲು ಕೇಳದಿದ್ದರೆ, ಬಾಯಿ ಸೊಟ್ಟಗಾಗಿದ್ದರೆ, ಮಾತು ತೊದಲುತ್ತಿದ್ದರೆ, ಒಂದೇ ಕಡೆ ಇದ್ದಕ್ಕಿದ್ದಂತೆ ಮರಗಟ್ಟಿದ್ದರೂ ಸರಿ, 108ಕ್ಕೆ ಕರೆ ಮಾಡಿ. ಫೋನಿನಲ್ಲಿ ಸಲಹೆ ಕೇಳುತ್ತಾ ಕೂರಬೇಡಿ.

ಇನ್ನು ‘ಪಾರ್ಶ್ವವಾಯು’. ಪಾರ್ಶ್ವ ಎಂದರೆ ಪಕ್ಕ. ಒಂದು ಪಕ್ಕ ಬಿದ್ದುಹೋದರೆ ಈ ಪದ ಸರಿ. ಬೆನ್ನುಹುರಿಗೆ ಪೆಟ್ಟಾಗಿ ಎರಡೂ ಕಾಲಿನ ಸ್ವಾಧೀನ ಹೋದವರಿಗೆ ಇದನ್ನು ಬಳಸಬೇಡಿ. ‘ಲಕ್ವ’ ಅರಬ್ಬಿಯಿಂದ ಬಂದ ಪದ. ಅಲ್ಲಿ ಅದು ಮುಖ ಒಂದು ಕಡೆ ಎಳೆದುಕೊಳ್ಳುವ ಕಾಯಿಲೆಯ ಹೆಸರು. ನಮ್ಮಲ್ಲಿ ಇಡೀ ಮೈಗೆ ಹರಡಿಕೊಂಡಿದೆ. ಆಡುಮಾತಿನಲ್ಲಿ ‘ಲಕ್ವ ಹೊಡೆದಿದೆ’ ಎಂದರೆ ಎಲ್ಲರಿಗೂ ತಿಳಿಯುತ್ತದೆ, ನನಗೂ ಅದೇ ಇಷ್ಟ.

ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ ಸಮಾನಾರ್ಥಕ ಪದಗಳ ಪಟ್ಟಿ ಇರುತ್ತದೆ. ಕುಗ್ಗು, ಕುಂದು, ಸೊರಗು, ಬಳಲು ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿರುತ್ತಾರೆ. ಅದನ್ನು ಬಾಯಿಪಾಠ ಮಾಡಿದ ಮಕ್ಕಳು ‘ಪೈರು ಬಳಲಿತು’ ಎಂದು ಬರೆಯುತ್ತಾರೆ. ಫೋನಿನ ಅನುವಾದದ ಆ್ಯಪ್‌ಗಳು ಇನ್ನೂ ಕಷ್ಟ, ಎಲ್ಲಕ್ಕೂ ‘ಗೊಳಿಸು’ ಅಂಟಿಸಿ ಕೊಡುತ್ತವೆ. ಎರಡನ್ನೂ ದೂರ ಇಡಿ. ಹೊಲದಲ್ಲಿ ದುಡಿಯುವ ಹಿರಿಯರ ಜೊತೆ ಒಂದು ಗಂಟೆ ಕೂತರೆ ಅದಕ್ಕಿಂತ ಹೆಚ್ಚು ಪದ ಸಿಗುತ್ತವೆ.

ನಾಲ್ಕನೆಯದು ವಾಕ್ಯ ಕಟ್ಟುವುದು. ಕುಗ್ಗು–ಕುಗ್ಗಿಸು, ಕಂಗೆಡು–ಕಂಗೆಡಿಸು, ಎದೆಗುಂದು–ಎದೆಗುಂದಿಸು ಹೀಗೆ ‘ಇಸು’ ಸೇರಿಸಬಹುದು, ‘ಗೊಳಿಸು’ ಬೇಕಾಗಿಲ್ಲ. ಎಲ್ಲ ಕಡೆಗೂ ಇದು ಹೊಂದುವುದಿಲ್ಲ. ‘ನಡೆದು ನಡೆದು ಕಾಲು ಸೋತವು’ ಚೆನ್ನಾಗಿದೆ. ‘ದಾರಿ ಕಾಲನ್ನು ಸೋಲಿಸಿತು’ ಎಂದರೆ ಓಟದ ಪಂದ್ಯ ನಡೆದಂತಾಗುತ್ತದೆ. ನನ್ನ ಮಾತು ಕೇಳುವುದಾದರೆ, ಆದಷ್ಟು ‘ಇಸು’ ಕೂಡ ಬಿಡಿ. ‘ಬಿಸಿಲು ಪೈರನ್ನು ಬಾಡಿಸಿತು’ ಬೇಡ. ‘ಬಿಸಿಲಿಗೆ ಪೈರು ಬಾಡಿತು’ ಎನ್ನಿ. ನಾವು ಮಾತಾಡುವುದು ಹೀಗೇ ಅಲ್ವಾ?

ಕಾನೂನು, ಸಂಸ್ಥೆಗಳ ಬಗ್ಗೆ ಬರೆಯುವಾಗ ‘ಹಲ್ಲು ಕಿತ್ತ ಹಾವು’ ಎನ್ನುವ ಮಾತಿದೆ. 2016ರಲ್ಲಿ ನಮ್ಮ ರಾಜ್ಯದಲ್ಲಿ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ರಚಿಸಿ, ಭ್ರಷ್ಟಾಚಾರ ತಡೆ ಕಾಯ್ದೆಯಡಿ ತನಿಖೆ ಮಾಡುವ ಅಧಿಕಾರವನ್ನು ಲೋಕಾಯುಕ್ತ ಪೊಲೀಸರಿಂದ ತೆಗೆದರು. ಆಗ ಈ ಮಾತು ತಕ್ಕುದಾಗಿತ್ತು, ಯಾಕೆಂದರೆ ಸಂಸ್ಥೆ ಇತ್ತು, ಕಚ್ಚುವ ಬಲ ಹೋಗಿತ್ತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಿದ ಮೇಲೆ ಆ ಅಧಿಕಾರ ಲೋಕಾಯುಕ್ತಕ್ಕೆ ಮರಳಿತು.

ಆದರೆ ‘ಆಡಳಿತಕ್ಕೆ ಲಕ್ವ’ ಎಂಬ ಶೀರ್ಷಿಕೆ ಮಾತ್ರ ಕೊಡಬೇಡಿ. ದೊಡ್ಡಮ್ಮನಿಗೆ ನಾನು ದಿನಾ ಬೆಳಗ್ಗೆ ಪೇಪರ್ ಓದಿ ಹೇಳುತ್ತೇನೆ. ಅಂಥ ಶೀರ್ಷಿಕೆ ಬಂದ ದಿನ, ‘ಆಡಳಿತ ನಿಂತುಹೋಗಿದೆಯಂತೆ ದೊಡ್ಡಮ್ಮ’ ಎಂದು ಓದುತ್ತೇನೆ.