ಗಾಳಿಗೆ ತೊನೆಯುವ ಪಟ್ಟೆಪರದೆ: ಮೊಯರೆ ಪ್ರತಿಷ್ಠಾಪನೆಯನ್ನು ಕಟ್ಟುವ ಬಗೆ

ಒಂದೇ ಅಳತೆಯ ಗೆರೆಗಳಿರುವ ಎರಡು ಪರದೆಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿ ನೋಡಿದರೆ, ಎರಡರಲ್ಲೂ ಇಲ್ಲದ, ಆ ಗೆರೆಗಳಿಗಿಂತ ಹಲವು ಪಟ್ಟು ಅಗಲವಾದ ಮಸುಕು ಪಟ್ಟೆಗಳು ಕಾಣಿಸುತ್ತವೆ. ಇದನ್ನು ಮೊಯರೆ ಎನ್ನುತ್ತಾರೆ. ವೆನೆಜುವೆಲಾದ ಕಲಾವಿದ ಹೆಸೂಸ್ ರಾಫೆಲ್ ಸೋತೊ 1950ರ ದಶಕದಲ್ಲೇ ಗೆರೆಗಳ ಹಿನ್ನೆಲೆಯ ಮುಂದೆ ತಂತಿಗಳನ್ನು ಇರಿಸಿ, ನೋಡುಗರು ಅತ್ತಿತ್ತ ಸರಿದಾಗ ಕೃತಿಯೇ ಕಂಪಿಸುವಂತೆ ಮಾಡಿದ್ದರು. ಇಲ್ಲಿ ವಿವರಿಸುವ ಕೃತಿಯಲ್ಲಿ ಆ ಸರಿದಾಟದ ಒಂದು ಪಾಲು ಗಾಳಿಯದು.

ಹೆಚ್ಚಿನವರು ಗಾಳಿಯ ದಿಕ್ಕನ್ನು ನೋಡಿಕೊಂಡು ಕೆಲಸ ಆರಂಭಿಸುತ್ತಾರೆ. ನನ್ನ ಪ್ರಕಾರ ನೋಡುಗರು ನಿಲ್ಲುವ ಜಾಗವನ್ನು ಮೊದಲು ಗುರುತಿಸಬೇಕು, ಏಕೆಂದರೆ ಪಟ್ಟೆಯ ಅಗಲ ಅದನ್ನು ಅವಲಂಬಿಸಿದೆ. ಗೆರೆಯಿಂದ ಗೆರೆಗಿರುವ ದೂರವನ್ನು, ನೋಡುಗರಿಂದ ಮುಂದಿನ ಪರದೆಗಿರುವ ದೂರದಿಂದ ಗುಣಿಸಿ, ಪರದೆಗಳ ನಡುವಿನ ಅಂತರದಿಂದ ಭಾಗಿಸಿದರೆ ಆ ಅಗಲ ಸಿಗುತ್ತದೆ. ಗೆರೆಗಳು 6 ಮಿಲಿಮೀಟರಿಗೊಂದರಂತೆ ಇದ್ದು, ನೋಡುಗರು 3 ಮೀಟರ್ ದೂರದಲ್ಲಿ ನಿಂತು, ಅಂತರ 100 ಮಿಲಿಮೀಟರ್ ಇದ್ದರೆ ಪಟ್ಟೆ 180 ಮಿಲಿಮೀಟರ್ ಆಗುತ್ತದೆ; ಅಂತರ 60ಕ್ಕೆ ಇಳಿದರೆ 300ಕ್ಕೆ ಹಿಗ್ಗುತ್ತದೆ, 150ಕ್ಕೆ ಏರಿದರೆ 120ಕ್ಕೆ ಕುಗ್ಗುತ್ತದೆ.

ಮುಂದಿನ ಪರದೆ ಅಲುಗಾಡಬಾರದು. 3 ಮಿಲಿಮೀಟರ್ ದಪ್ಪದ ಕಪ್ಪು ಸರಳುಗಳನ್ನು ಅಷ್ಟೇ ಸಂದು ಬಿಟ್ಟು ಚೌಕಟ್ಟಿಗೆ ಲಂಬವಾಗಿ ಜೋಡಿಸಿದರೆ ಗಾಳಿಯೂ ನುಸುಳುತ್ತದೆ. ರಂಧ್ರ ಕೊರೆಯುವಾಗ ಮೈಯೆಲ್ಲ ಕಣ್ಣಾಗಿರಬೇಕು: ಮೊಯರೆ ಚಲನೆಯನ್ನು ಹಿಗ್ಗಿಸುವಂತೆಯೇ ತಪ್ಪನ್ನೂ ಹಿಗ್ಗಿಸುತ್ತದೆ, ಆದ್ದರಿಂದ ಅಂತರ 100 ಮಿಲಿಮೀಟರ್ ಇರುವಾಗ ಒಂದು ಸರಳು 1 ಮಿಲಿಮೀಟರ್ ಸರಿದರೂ ಆ ಜಾಗದಲ್ಲಿ ಪಟ್ಟೆ 30 ಮಿಲಿಮೀಟರ್ ಸೊಟ್ಟಗಾಗುತ್ತದೆ. ಹಿಂದಿನ ಪರದೆಗೆ 60 ಸೆಂಟಿಮೀಟರ್ ಚೌಕದ, 2 ಮಿಲಿಮೀಟರ್ ದಪ್ಪದ ಪಾರದರ್ಶಕ ಪಾಲಿಕಾರ್ಬೊನೇಟ್ ಹಾಳೆ ಸಾಕು. ಅದರ ಮೇಲೆ ಅದೇ ಅಳತೆಯ ಕಪ್ಪು ವಿನೈಲ್ ಪಟ್ಟಿಗಳನ್ನು ಅಂಟಿಸಿ.

ಕೃತಿಯ ಜೀವಾಳ ತೂಗುವ ಬಗೆಯಲ್ಲಿದೆ. ಹಾಳೆಯನ್ನು ಮೇಲಂಚಿನ ಅಡ್ಡ ಅಚ್ಚಿನಿಂದ ಸುಮ್ಮನೆ ನೇತುಹಾಕಿದರೆ ಅದು 1.3 ಸೆಕೆಂಡಿಗೊಮ್ಮೆ ಅವಸರವಸರವಾಗಿ ತೂಗುತ್ತದೆ, ಅಂಗಡಿಯ ಫಲಕದ ಹಾಗೆ. ಅಮೆರಿಕದ ಶಿಲ್ಪಿ ಜಾರ್ಜ್ ರಿಕಿ ತಮ್ಮ ಉಕ್ಕಿನ ಅಲಗುಗಳಿಗೆ ಪ್ರತಿಭಾರ ಕೊಟ್ಟು ನಡೆಯನ್ನು ನಿಧಾನಗೊಳಿಸಿದರು. ಇಲ್ಲಿಯೂ ಅದೇ ಉಪಾಯ ನಡೆಯುತ್ತದೆ. ಜೋಡಣೆ ಸೇರಿ ಹಾಳೆ 1 ಕಿಲೋ ತೂಗುವುದಾದರೆ, ಅಚ್ಚಿನಿಂದ 15 ಸೆಂಟಿಮೀಟರ್ ಮೇಲಕ್ಕೆ ಚಾಚಿದ ತೋಳಿನ ತುದಿಗೆ ಒಂದೂವರೆ ಕಿಲೋ ಸೀಸವನ್ನು ಕಟ್ಟಿ. ಈಗ ಒಂದು ತೂಗಾಟಕ್ಕೆ ಸುಮಾರು 3 ಸೆಕೆಂಡ್ ಹಿಡಿಯುತ್ತದೆ, ಮಂದವಾದ ತಂಗಾಳಿಗೂ ಕೆಳಅಂಚು ಕೆಲವು ಸೆಂಟಿಮೀಟರ್ ಸರಿಯುತ್ತದೆ. ಆಸೆಬಿದ್ದು ಸೀಸವನ್ನು 2 ಕಿಲೋಗೆ ಏರಿಸಿದರೆ ಹಾಳೆ ಮರಳಿ ನೆಟ್ಟಗಾಗುವ ಶಕ್ತಿಯನ್ನೇ ಕಳೆದುಕೊಂಡು ಓಲಿದ ಕಡೆಗೇ ಉಳಿಯುತ್ತದೆ. ಅಚ್ಚು ತಿರುಗುವ ಬೇರಿಂಗಿನೊಳಗಿನ ದಪ್ಪ ಗ್ರೀಸನ್ನು ತೊಳೆದು ತೆಳುವಾದ ಎಣ್ಣೆಯ ಒಂದು ಹನಿ ಬಿಡಿ.

ಮೇಲಂಚು ಅಚ್ಚಿನಲ್ಲೇ ಉಳಿದು ಕೆಳಅಂಚು ಮಾತ್ರ ಸರಿಯುವುದರಿಂದ, ಪಟ್ಟೆಗಳು ನೆಟ್ಟಗೆ ಅಗಲವಾಗುವ ಬದಲು ಬೀಸಣಿಗೆಯಂತೆ ಕೆಳಗೆ ಬಿಚ್ಚಿಕೊಂಡು ಮತ್ತೆ ಮುಚ್ಚಿಕೊಳ್ಳುತ್ತವೆ. ಕೃತಿಯ ಹಿಂದೆ ತೆರೆದ ಆಕಾಶವೋ ದೂರದ ಬಿಳಿ ಗೋಡೆಯೋ ಇರಲಿ. ಎಲೆಗಳ ಹಿನ್ನೆಲೆಯಲ್ಲಿ ಇದೆಲ್ಲ ಕಳೆದುಹೋಗುತ್ತದೆ. ಇಂಥ ಪಟ್ಟೆಗಳು ಕೆಲವರಿಗೆ ತಲೆಸುತ್ತು ತರುತ್ತವೆ, ಬೆಳಕಿಗೆ ಕೆರಳುವ ಅಪಸ್ಮಾರ ಇರುವವರಿಗೆ ಅಪಾಯಕಾರಿಯೂ ಆಗಬಹುದು. ಹಾಗಾಗಿ ಸಮೀಪಿಸುವ ದಾರಿಯಲ್ಲೇ ಸೂಚನೆ ಹಾಕಬೇಕು.

ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಹಾಳೆ ಮುಂದಿನ ಸರಳುಗಳಿಗೆ ಬಡಿಯದಂತೆ ಕೆಳಗಿನ ಅಂತರ 60 ಮಿಲಿಮೀಟರಿಗೆ ಇಳಿಯುವಲ್ಲಿ ಒಂದು ರಬ್ಬರ್ ತಡೆಯನ್ನೂ, ಹಿಂದಕ್ಕೆ ಹೋಗುವ ದಾರಿಯಲ್ಲಿ ಇನ್ನೊಂದನ್ನೂ ಕೂರಿಸಿ. ಬಿರುಗಾಳಿಯ ಮುನ್ಸೂಚನೆ ಇರುವ ದಿನ ಹಾಳೆಯನ್ನು ಚೌಕಟ್ಟಿಗೆ ಬಿಗಿಯಲು ಒಂದು ಉಕ್ಕಿನ ಪಿನ್ನು ಕೈಗೆಟಕುವ ಎತ್ತರದಲ್ಲೇ ಇರಲಿ.