ಟ್ಯೂಬ್ ಮೇಲೆ ‘ಗಲೀಜು’ ಅಂತ ಬರೆದಿದ್ದೆ

ಮೊದಲ ಬ್ಯಾಚ್ ಪ್ರೋಟೀನ್, ಬೇಕಾದ ಪ್ರೋಟೀನನ್ನು ಹಿಡಿದಿಟ್ಟು ಉಳಿದದ್ದನ್ನು ತೊಳೆಯುವ ನಿಕ್ಕಲ್ ಕಾಲಮ್‌ನಿಂದ ಇಳಿದಾಗ ರಾತ್ರಿ ಹತ್ತೂವರೆ. ಕೋಲ್ಡ್ ರೂಮಿನಲ್ಲಿ ಸ್ವೆಟರ್ ಮೇಲೆ ಲ್ಯಾಬ್ ಕೋಟ್ ಹಾಕಿಕೊಂಡು ನಡುಗುತ್ತಾ ನಿಂತಿದ್ದೆ. ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ 37–38 ಕಿಲೋಡಾಲ್ಟನ್ ಹತ್ತಿರ ದಪ್ಪಗೆ ಒಂದೇ ಪಟ್ಟಿ. ಖುಷಿಯಾಯಿತು. ಮರುದಿನ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ನೋಡಿದೆ. 260 ಮತ್ತು 280 ನ್ಯಾನೋಮೀಟರ್ ರೀಡಿಂಗ್‌ಗಳ ಅನುಪಾತ 0.9ರ ಆಸುಪಾಸು! ಶುದ್ಧ ಪ್ರೋಟೀನ್‌ಗೆ ಅದು 0.6ರ ಹತ್ತಿರ ಇರಬೇಕು. 260ರಲ್ಲಿ ಡಿಎನ್‌ಎ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹಾಗಾಗಿ ಡಿಎನ್‌ಎ ಸೇರಿಕೊಂಡಿದೆ ಅಂತ ನಾನೇ ತೀರ್ಮಾನ ಮಾಡಿ, ಟ್ಯೂಬ್ ಮೇಲೆ ಮಾರ್ಕರ್‌ನಲ್ಲಿ ‘ಗಲೀಜು’ ಅಂತ ಬರೆದು ಮೈನಸ್ 80 ಫ್ರೀಜರ್‌ಗೆ ತಳ್ಳಿದೆ.

ನಾನು ಕೆಲಸ ಮಾಡುತ್ತಿದ್ದದ್ದು ಇ. ಕೊಲೈ ಬ್ಯಾಕ್ಟೀರಿಯಾದ ಗ್ಯಾಲ್-ಇ ಕಿಣ್ವದ ಮೇಲೆ. ಹಾಲಿನ ಲ್ಯಾಕ್ಟೋಸ್ ಒಡೆದರೆ ಗ್ಲೂಕೋಸ್ ಒಂದು, ಗ್ಯಾಲಕ್ಟೋಸ್ ಒಂದು ಸಿಗುತ್ತದೆ. ಗ್ಯಾಲಕ್ಟೋಸನ್ನು ಬ್ಯಾಕ್ಟೀರಿಯಾ ನೇರವಾಗಿ ಉರಿಸಲಾರದು. ಮೊದಲು ಅದಕ್ಕೆ ಯುಡಿಪಿ ಎಂಬ ಹಿಡಿಕೆ ಸಿಕ್ಕಿಸಬೇಕು, ಆಮೇಲೆ ಗ್ಲೂಕೋಸ್ ರೂಪಕ್ಕೆ ತಿರುಗಿಸಬೇಕು. ಆ ತಿರುಗಿಸುವ ಕೆಲಸ ಗ್ಯಾಲ್-ಇಯದು. ಈ ದಾರಿಯನ್ನು ಬಿಡಿಸಿದ ಅರ್ಜೆಂಟೀನಾದ ಲೂಯಿಸ್ ಲೆಲ್ವಾರ್ ಅವರಿಗೆ 1970ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಎರಡೂ ಸಕ್ಕರೆಗಳ ವ್ಯತ್ಯಾಸ ತೀರಾ ಚಿಕ್ಕದು. ನಾಲ್ಕನೇ ಇಂಗಾಲದ ಮೇಲಿನ ಹೈಡ್ರಾಕ್ಸಿಲ್ ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ. ಅಷ್ಟೇ.

ಡಿಎನ್‌ಎ ಕತ್ತರಿಸುವ ಕಿಣ್ವ ಹಾಕಿದೆ. ಜಾಸ್ತಿ ಉಪ್ಪಿನಲ್ಲಿ ತೊಳೆದೆ. ಅನುಪಾತ ಜಗ್ಗಲಿಲ್ಲ. ಎರಡನೇ ಬ್ಯಾಚ್‌ನದೂ ಅದೇ ಕಥೆ. ಒಂದು ವಾರ ಹೋದ ಮೇಲೆ ಲ್ಯಾಬಿನ ಸೀನಿಯರ್ ಅಕ್ಕ ನನ್ನ ಗ್ರಾಫ್ ನೋಡಿ ಕೇಳಿದರು, “ಕುದಿಸಿ ನೋಡಿದ್ಯೇನೋ?”

95 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟೆ. ಪ್ರೋಟೀನ್ ಒಡೆದ ಹಾಲಿನ ಹಾಗೆ ಬೆಳ್ಳಗೆ ಗಡ್ಡೆ ಕಟ್ಟಿತು. ಸೆಂಟ್ರಿಫ್ಯೂಜ್‌ನಲ್ಲಿ ಅದನ್ನು ಕೆಳಗಿಳಿಸಿ ಮೇಲಿನ ತಿಳಿ ತೆಗೆದೆ. ತಿಳಿಯಲ್ಲಿ 260ರ ಶಿಖರ ಚೆನ್ನಾಗಿಯೇ ಇತ್ತು. ಅದಕ್ಕೆ ಎಥನಾಲ್ ಮತ್ತು ಯೀಸ್ಟಿನ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಹಾಕಿದ ತಕ್ಷಣ 340ರಲ್ಲಿ ಗೆರೆ ಮೇಲೇರಿತು. ಎನ್‌ಎಡಿ ಇದ್ದರೆ ಮಾತ್ರ ಹಾಗಾಗುತ್ತದೆ. ಎನ್‌ಎಡಿ ಅಂದರೆ ಕಿಣ್ವಗಳಿಗೆ ಹೈಡ್ರೋಜನ್ ಹೊತ್ತುಕೊಡುವ ಪುಟ್ಟ ಸಹಾಯಕ ಅಣು, ಹೈಡ್ರೋಜನ್ ಹೊತ್ತಾಗ ಅದು ಎನ್‌ಎಡಿಎಚ್ ಆಗಿ 340ರಲ್ಲಿ ಬೆಳಕು ಹೀರುತ್ತದೆ. ಎನ್‌ಎಡಿಎಚ್ ಎಷ್ಟು ಬೆಳಕು ಹೀರುತ್ತದೆ ಅನ್ನುವ ಅಳತೆಯಾದ 6220ರಿಂದ ಭಾಗಿಸಿ ಲೆಕ್ಕ ಹಾಕಿದರೆ, ಪ್ರತಿ ಪ್ರೋಟೀನ್ ಸರಪಳಿಗೆ 0.8 ಎನ್‌ಎಡಿ. ನನ್ನ ‘ಗಲೀಜು’ ಅದೇ. ಕಾಲಮ್‌ನಲ್ಲಿ ಎಷ್ಟು ತೊಳೆದರೂ ಕಿಣ್ವ ಅದನ್ನು ಬಿಟ್ಟುಕೊಟ್ಟಿರಲಿಲ್ಲ.

ಯಾಕೆ ಬಿಡಲ್ಲ ಅನ್ನೋದು ರಚನೆ ನೋಡಿದಾಗ ಗೊತ್ತಾಯಿತು. ಹರಳು ಬೆಳೆಸುವ ಭಾಗ್ಯ ನನ್ನದಾಗಲಿಲ್ಲ. ವಿಸ್ಕಾನ್ಸಿನ್‌ನ ಹೇಜಲ್ ಹೋಲ್ಡನ್ ಅವರ ಗುಂಪು 1990ರ ದಶಕದಲ್ಲೇ ಆ ಕೆಲಸ ಮುಗಿಸಿತ್ತು. ಅವರ ರಚನೆಗಳನ್ನೇ ಪೈಮಾಲ್ ಎಂಬ, ಅಣುಗಳನ್ನು ತೋರಿಸುವ ಸಾಫ್ಟ್‌ವೇರ್‌ನಲ್ಲಿ ತೆರೆದು ಕೂತೆ. 338 ಅಮೈನೋ ಆಮ್ಲಗಳ ಎರಡು ಸರಪಳಿಗಳು ಜೋಡಿಯಾಗಿವೆ. ಒಂದೊಂದರಲ್ಲೂ ದೊಡ್ಡ ಭಾಗ ಎನ್‌ಎಡಿಯನ್ನು ತಬ್ಬಿಕೊಂಡಿದೆ, ಚಿಕ್ಕ ಭಾಗ ಯುಡಿಪಿ-ಸಕ್ಕರೆಯನ್ನು ಕೂರಿಸಿಕೊಂಡಿದೆ.

ನಡೆಯೋದೇನಪ್ಪಾ ಅಂದರೆ, ಒಂದು ಕೈಗಡದ ವ್ಯವಹಾರ. ಟೈರೋಸಿನ್ 149, ಅಂದರೆ ಸರಪಳಿಯ 149ನೇ ಅಮೈನೋ ಆಮ್ಲ, ಸಕ್ಕರೆಯ ನಾಲ್ಕನೇ ಹೈಡ್ರಾಕ್ಸಿಲ್‌ನಿಂದ ಪ್ರೋಟಾನ್ ಕಿತ್ತುಕೊಳ್ಳುತ್ತದೆ. ಮಾಮೂಲಿ ಟೈರೋಸಿನ್‌ಗೆ ಇದು ಸುಲಭವಲ್ಲ, ಅದರ ಪಿಕೆಎ, ಅಂದರೆ ತನ್ನ ಪ್ರೋಟಾನನ್ನು ಬಿಡುವ ಪಿಎಚ್ ಮಟ್ಟ, 10ರ ಹತ್ತಿರ. ಇಲ್ಲಿ ಲೈಸಿನ್ 153 ಮತ್ತು ಎನ್‌ಎಡಿಯ ಧನ ವಿದ್ಯುದಂಶ ಪಕ್ಕದಲ್ಲೇ ಇರುವುದರಿಂದ ಅದು 6ರ ಆಸುಪಾಸಿಗೆ ಇಳಿದಿದೆ. ಅದೇ ಹೊತ್ತಿಗೆ ನಾಲ್ಕನೇ ಇಂಗಾಲದ ಹೈಡ್ರೈಡ್, ಅಂದರೆ ಎರಡು ಎಲೆಕ್ಟ್ರಾನ್ ಹೊತ್ತ ಹೈಡ್ರೋಜನ್, ಎನ್‌ಎಡಿ ಕೈಗೆ ಹೋಗುತ್ತದೆ. ಉಳಿಯುವುದು ಕೀಟೋ ಸಕ್ಕರೆ, ಅದಕ್ಕೆ ಮೇಲೂ ಇಲ್ಲ, ಕೆಳಗೂ ಇಲ್ಲ. ಯುಡಿಪಿ ಹಿಡಿಕೆ ಅಲ್ಲಾಡದೆ ಕೂತಿರುವಾಗ, ಸಕ್ಕರೆ ಮಾತ್ರ ಫಾಸ್ಫೇಟ್ ಪಕ್ಕದ ಬಂಧದ ಸುತ್ತ ಮಗುಚಿಕೊಳ್ಳುತ್ತದೆ. ಈಗ ಎನ್‌ಎಡಿ ಕಡೆಗಿರುವುದು ಅದರ ಇನ್ನೊಂದು ಮುಖ. ಹೈಡ್ರೈಡ್ ಆ ಮುಖಕ್ಕೆ ವಾಪಸ್. ಬಡ್ಡಿಯೂ ಇಲ್ಲ, ಬಾಕಿಯೂ ಇಲ್ಲ.

ಸೆರಿನ್ 124 ಮತ್ತು ಟೈರೋಸಿನ್ 149 ಎರಡನ್ನೂ ಬದಲಾಯಿಸಿ ಕಿಣ್ವವನ್ನು ಕುಂಟಾಗಿಸಿದ ಎರಡು ರಚನೆಗಳಿವೆ. ಒಂದರಲ್ಲಿ ಗ್ಲೂಕೋಸ್, ಇನ್ನೊಂದರಲ್ಲಿ ಗ್ಯಾಲಕ್ಟೋಸ್. ಒಂದರ ಮೇಲೊಂದು ಇಟ್ಟೆ. ಯುಡಿಪಿಗಳು ತಾಳೆಯಾದವು, ಸಕ್ಕರೆಗಳು ಮಾತ್ರ ಒಂದಕ್ಕೊಂದು ಮಗುಚಿ ಬಿದ್ದಿದ್ದವು. ಮೌಸ್ ಬಿಟ್ಟು ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕೂತೆ.

ಕಿಣ್ವದ ವೇಗ ಅಳೆಯೋದು ತಲೆನೋವಿನ ಕೆಲಸ. ಕೈಗಡ ಪೂರ್ತಿ ತೀರಿಹೋಗುವುದರಿಂದ 340ರಲ್ಲಿ ಏನೂ ಕಾಣಿಸಲ್ಲ. ಹಾಗಾಗಿ ಯುಡಿಪಿ-ಗ್ಲೂಕೋಸ್ ಡಿಹೈಡ್ರೋಜಿನೇಸ್ ಎಂಬ ಇನ್ನೊಂದು ಕಿಣ್ವ, ಅದಕ್ಕೆ ಬೇಕಾದ ಎನ್‌ಎಡಿ, ಎರಡನ್ನೂ ಹೊರಗಿನಿಂದ ಹಾಕಬೇಕು. ಹುಟ್ಟಿದ ಒಂದೊಂದು ಯುಡಿಪಿ-ಗ್ಲೂಕೋಸ್‌ಗೂ ಅದು ಎರಡು ಎನ್‌ಎಡಿಎಚ್ ಮಾಡುತ್ತದೆ. ಎರಡರಿಂದ ಭಾಗಿಸಲು ಮರೆತು, ನನ್ನ ಕಿಣ್ವ ಭಾರೀ ಚುರುಕು ಅಂತ ಮೂರು ದಿನ ಬೀಗಿದ್ದೆ. ಟೈರೋಸಿನ್ 149 ಬದಲಿಸಿದ ಕಿಣ್ವ ಹಾಕಿದಾಗ ಗೆರೆ ನೆಲಕ್ಕೆ ಅಂಟಿಕೊಂಡಿತು. ಅಲ್ಲಿಯಾದರೂ ತಪ್ಪಾಗಲಿಲ್ಲವಲ್ಲ.

ಮಾರ್ಗದರ್ಶಕರಿಗೆ ತೋರಿಸುವ ದಿನ ಹೊಸ ಬ್ಯಾಚ್ ತಯಾರಿರಲಿಲ್ಲ. ಫ್ರೀಜರ್ ತಡಕಿದರೆ ಸಿಕ್ಕಿದ್ದು ಅದೇ ಹಳೇ ಟ್ಯೂಬ್. ಮಂಜು ಒರೆಸಿ, ಐಸ್ ಮೇಲೆ ಕರಗಿಸಿ ಕ್ಯುವೆಟ್‌ಗೆ ಹಾಕಿದೆ. ಗೆರೆ ನೆಟ್ಟಗೆ ಏರಿತು. ಅವರು ಟ್ಯೂಬ್ ಎತ್ತಿ ಓದಿ, “ಇದೇನ್ರೀ ಹೆಸರು?” ಅಂದರು.