ನಂಬರನ್ನು ಕೊನೆಗೆ ಓದಿ: ಹಳೆಯ ಜರ್ಮನ್ ಪಿಸ್ತೂಲಿನ ವಯಸ್ಸು ಪತ್ತೆ ಮಾಡುವ ಬಗೆ

ಹಳೆಯ ಜರ್ಮನ್ ಪಿಸ್ತೂಲೊಂದರ ಫೋಟೊ ಕಣ್ಣಿಗೆ ಬಿದ್ದರೆ ಬಹುತೇಕರು ಮೊದಲು ಹುಡುಕುವುದು ಸೀರಿಯಲ್ ನಂಬರನ್ನು. ಅದನ್ನು ಅಂತರ್ಜಾಲದಲ್ಲಿ ಹಾಕಿ, ಮೊದಲು ಸಿಕ್ಕ ಇಸವಿಯನ್ನು ನಂಬಿಬಿಡುತ್ತಾರೆ. ಲೂಗರ್ ಪಿಸ್ತೂಲಿನ ಮಟ್ಟಿಗಂತೂ ಇದು ಬುಡ ಬಿಟ್ಟು ತುದಿ ಹಿಡಿಯುವ ಕೆಲಸ. 4217 ಎಂಬ ನಂಬರಿನ ಲೂಗರ್ ಜಗತ್ತಿನಲ್ಲಿ ಒಂದೇ ಒಂದಿಲ್ಲ. ಬೇರೆ ಬೇರೆ ಕಾರ್ಖಾನೆಗಳು ಬೇರೆ ಬೇರೆ ವರ್ಷಗಳಲ್ಲಿ ಅದೇ ನಂಬರನ್ನು ಮತ್ತೆ ಮತ್ತೆ ಒತ್ತಿವೆ. ಕಾರ್ಖಾನೆ, ಇಸವಿ, ನಂಬರಿನ ಪಕ್ಕದ ಅಕ್ಷರ ಈ ಮೂರೂ ಗೊತ್ತಾಗುವವರೆಗೆ ನಂಬರು ಬರೀ ಅಂಕಿ.

ಇದನ್ನು ಕಲಿಯಲು ಪಿಸ್ತೂಲು ನಿಮ್ಮದೇ ಆಗಿರಬೇಕೆಂದಿಲ್ಲ. ಮ್ಯೂಸಿಯಂ ಕಪಾಟಿನ ಗಾಜಿನಾಚೆಗೆ ಇರುವುದನ್ನೋ, ಹರಾಜು ಕಂಪನಿಗಳು ಹಾಕುವ ದೊಡ್ಡ ಫೋಟೊಗಳನ್ನೋ ನೋಡಿಯೇ ಬಹಳಷ್ಟು ಹೇಳಬಹುದು. ಬೇಕಾಗುವುದು ಒಂದು ಭೂತಗನ್ನಡಿ, ಒಂದು ಟಾರ್ಚ್, ಒಂದಿಷ್ಟು ತಾಳ್ಮೆ. ಟಾರ್ಚನ್ನು ನೇರವಾಗಿ ಬಿಡದೆ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಸವೆದ ಮುದ್ರೆಗಳು ಆಗ ನೆರಳಿನಲ್ಲಿ ಎದ್ದು ಕಾಣುತ್ತವೆ.

ಮೊದಲು ಕಾನೂನು, ಆಮೇಲೆ ಕುತೂಹಲ

ಉತ್ತರ ಆಫ್ರಿಕಾ ಮತ್ತು ಇಟಲಿಯಲ್ಲಿ ಜರ್ಮನರ ಎದುರು ಭಾರತೀಯ ಪಡೆಗಳು ಹೋರಾಡಿವೆ. ಹಾಗಾಗಿ ಅಜ್ಜನ ಟ್ರಂಕಿನಲ್ಲಿ ಇಂಥದ್ದೊಂದು ಸಿಗುವುದು ಅಸಾಧ್ಯವೇನಲ್ಲ. ಸಿಕ್ಕರೆ ಎತ್ತಿ ಆಡಿಸಬೇಡಿ. ಭಾರತದಲ್ಲಿ 9 ಮಿ.ಮೀ. ಪಿಸ್ತೂಲು ‘ನಿಷೇಧಿತ ಬೋರ್’ (ಬೋರ್ ಎಂದರೆ ನಳಿಗೆಯ ಒಳ ಅಳತೆ) ವರ್ಗಕ್ಕೆ ಸೇರುತ್ತದೆ. ಹಳೆಯದು ಎಂಬ ಕಾರಣಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆ ತಾನಾಗಿ ವಿನಾಯಿತಿ ಕೊಡುವುದಿಲ್ಲ. ಪರವಾನಗಿ ಇಲ್ಲದ ಆಯುಧ ಸಿಕ್ಕರೆ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸುವುದೇ ದಾರಿ. ಇನ್ನೊಂದು ಮಾತು: ನಂಬರನ್ನು ಉಜ್ಜಿ ಅಳಿಸುವುದು, ತಿದ್ದುವುದು ಇದೇ ಕಾಯ್ದೆಯಡಿ ಅಪರಾಧ. ‘ತುಕ್ಕು ತೆಗೆಯುತ್ತೇನೆ’ ಎಂದು ಸ್ಯಾಂಡ್‌ಪೇಪರ್ ಹಿಡಿಯುವವರು ಇದನ್ನು ನೆನಪಿಟ್ಟುಕೊಳ್ಳಲಿ.

ಪರವಾನಗಿ ಇರುವ ಕಡೆ, ವಿದೇಶದಲ್ಲಿ, ಕೈಯಲ್ಲಿ ಹಿಡಿದು ನೋಡುವ ಅವಕಾಶ ಸಿಕ್ಕರೂ ಮ್ಯಾಗಜಿನ್ (ಗುಂಡು ತುಂಬುವ ಗೂಡು) ಹೊರತೆಗೆದು, ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗ) ಖಾಲಿ ಇದೆಯೆಂದು ಗೊತ್ತಿರುವವರಿಂದಲೇ ಖಾತ್ರಿ ಮಾಡಿಸಿಕೊಳ್ಳಿ. ಲೂಗರ್ ಇದರಲ್ಲಿ ವಿಶೇಷವಾಗಿ ಮೋಸದ್ದು. ಚೇಂಬರಿನಲ್ಲಿ ಗುಂಡು ಉಳಿದಿದ್ದರೆ, ಮೇಲ್ಭಾಗವನ್ನು ಫ್ರೇಮಿನಿಂದ, ಅಂದರೆ ಹಿಡಿ ಮತ್ತು ಟ್ರಿಗರ್ ಇರುವ ಕೆಳಭಾಗದಿಂದ, ಬಿಚ್ಚಿ ಕೈಯಲ್ಲಿ ಹಿಡಿದಿರುವಾಗಲೂ ಪಕ್ಕದ ಸಣ್ಣ ಪಟ್ಟಿಯನ್ನು ಒತ್ತಿದರೆ ಗುಂಡು ಹಾರುತ್ತದೆ. ಟ್ರಿಗರ್ ಇಲ್ಲ, ಹಿಡಿ ಇಲ್ಲ, ಆದರೂ ಹಾರುತ್ತದೆ.

ಹಂತ 1: ಯಾವ ಜಾತಿ?

ಮೇಲ್ಭಾಗದಲ್ಲಿ ಮಂಡಿಯಂತೆ ಮಡಚಿ ಮೇಲೇಳುವ ಜೋಡಿಪಟ್ಟಿ, ಅಂದರೆ ಟಾಗಲ್, ಇದ್ದರೆ ಅದು ಲೂಗರ್. ಜರ್ಮನ್ ಸೇನೆ 1908ರಲ್ಲಿ ಒಪ್ಪಿಕೊಂಡಿದ್ದರಿಂದ ‘ಪಿ 08’ ಎಂಬ ಹೆಸರು. ಟ್ರಿಗರಿನ ಮುಂದೆ ಪೆಟ್ಟಿಗೆಯಂಥ ಮ್ಯಾಗಜಿನ್, ದುಂಡನೆಯ ಸಪೂರ ಹಿಡಿ ಇದ್ದರೆ ಮೌಸರ್ ಸಿ 96. ಸ್ಲೈಡಿನ (ಹಿಂದೆ ಮುಂದೆ ಜಾರುವ ಮೇಲಿನ ಕವಚದ) ಮುಂದೆ ನಳಿಗೆ ಬೋಳಾಗಿ ಚಾಚಿಕೊಂಡಿದ್ದರೆ ವಾಲ್ಥರ್ ಪಿ 38. ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದಾಗಿ, ಸ್ಲೈಡಿನ ಮೇಲೆ ‘ವಾಲ್ಥರ್’ ಎಂದು ಪಟ್ಟಿಯೊಳಗೆ ಬರೆದಿದ್ದರೆ ಪಿಪಿ ಅಥವಾ ಪಿಪಿಕೆ. ಇನ್ನೂ ಹಲವಿವೆ, ಆದರೆ ಸಾಮಾನ್ಯವಾಗಿ ಎದುರಾಗುವುದು ಈ ನಾಲ್ಕೇ. ಓದುವ ಕ್ರಮ ಚೆನ್ನಾಗಿ ಅರ್ಥವಾಗುವುದು ಲೂಗರಿನಲ್ಲಿ. ಅದನ್ನೇ ಹಿಡಿದು ಹೋಗೋಣ.

ಹಂತ 2: ಟಾಗಲ್ ಮೇಲೆ ಕಾರ್ಖಾನೆಯ ಹೆಸರು

ಟಾಗಲ್‌ನ ಮುಂಭಾಗದ ಮೇಲ್ಮೈ ನೋಡಿ. ಬಳ್ಳಿಯಂತೆ ಹೆಣೆದುಕೊಂಡ ಡಿ, ಡಬ್ಲ್ಯು, ಎಂ ಅಕ್ಷರಗಳಿದ್ದರೆ ಅದು ಬರ್ಲಿನ್ನಿನ ಡಿಡಬ್ಲ್ಯುಎಂ ಕಂಪನಿಯದು. ಕಿರೀಟ, ಅದರ ಕೆಳಗೆ ‘ಎರ್ಫುರ್ಟ್’ ಎಂದಿದ್ದರೆ ಆಗಿನ ಜರ್ಮನ್ ರಾಜ್ಯ ಪ್ರಷ್ಯಾದ ಸರ್ಕಾರಿ ಆಯುಧ ಕಾರ್ಖಾನೆಯದು. ‘ಸಿಮ್ಸನ್, ಸೂಲ್’ ಎಂದಿದ್ದರೆ ಮೊದಲ ಮಹಾಯುದ್ಧದ ನಂತರದ್ದು. ಲಂಗರಿನ ಗುರುತು, ‘ಕ್ರೀಗ್‌ಹಾಫ್’ ಹೆಸರು ಇದ್ದರೆ ಜರ್ಮನ್ ವಾಯುಪಡೆಗಾಗಿ ಮಾಡಿದ್ದಿರಬಹುದು. ಅದರ ಗುತ್ತಿಗೆ 10,000 ಪಿಸ್ತೂಲುಗಳದ್ದು ಮಾತ್ರ. ನಕಲಿಗಳೂ ಅದಕ್ಕೇ ಹೆಚ್ಚು.

1930ರಲ್ಲಿ ಲೂಗರ್ ತಯಾರಿಕೆ ಬರ್ಲಿನ್ನಿನಿಂದ ಓಬರ್ನ್‌ಡಾರ್ಫ್ ಊರಿನ ಮೌಸರ್ ಕಾರ್ಖಾನೆಗೆ ಸ್ಥಳಾಂತರವಾಯಿತು. ಯಂತ್ರಗಳ ಜೊತೆ ಉಳಿಕೆ ಬಿಡಿಭಾಗಗಳೂ ಹೋದವು. ಆದ್ದರಿಂದ ಮೌಸರಿನಲ್ಲಿ ಜೋಡಿಸಿದ ಆರಂಭದ ಕೆಲವು ಪಿಸ್ತೂಲುಗಳ ಟಾಗಲ್ ಮೇಲೂ ಡಿಡಬ್ಲ್ಯುಎಂ ಬಳ್ಳಿಯೇ ಇದೆ.

1934ರಿಂದ ಮೌಸರಿನ ಸೇನಾ ಪಿಸ್ತೂಲುಗಳಲ್ಲಿ ಹೆಸರೇ ಮಾಯ. ಮೊದಲ ಮಹಾಯುದ್ಧದ ನಂತರ ಜರ್ಮನಿಯ ಆಯುಧಗಳಿಗೆ ಮಿತಿ ಹಾಕಿದ್ದ ವರ್ಸೇಲ್ಸ್ ಒಪ್ಪಂದದ ಕಟ್ಟುಪಾಡು ಇನ್ನೂ ಕಾಗದದ ಮೇಲಿತ್ತು. ಯಾವ ಕಾರ್ಖಾನೆ ಎಷ್ಟು ಆಯುಧ ಮಾಡುತ್ತಿದೆ ಎಂದು ಹೊರಗಿನವರಿಗೆ ತಿಳಿಯಬಾರದೆಂದು ಸಂಕೇತಗಳು ಬಂದವು. ಮೌಸರ್ ಮೊದಲು ‘ಎಸ್/42’ ಆಯಿತು, 1939ರ ಹೊತ್ತಿಗೆ ಬರೀ ‘42’ ಆಯಿತು, 1941ರಲ್ಲಿ ‘ಬಿವೈಎಫ್’ ಆಯಿತು.

ಹಂತ 3: ಚೇಂಬರಿನ ಮೇಲೆ ಇಸವಿ

ನಳಿಗೆ ಬಂದು ಸೇರುವ ಜಾಗದ ಮೇಲ್ಮೈಯಲ್ಲಿ, ಟಾಗಲ್‌ಗಿಂತ ಮುಂದೆ, ಇಸವಿ ಇರುತ್ತದೆ. 1914, 1916, 1917 ಹೀಗೆ ನಾಲ್ಕಂಕಿಯಲ್ಲಿ ಸ್ಪಷ್ಟವಾಗಿ. ಸೇನೆಗೆ ಹೋದ ಮೊದಲ ಕಂತಿನವುಗಳಲ್ಲಿ ಮಾತ್ರ ಇಸವಿ ಇಲ್ಲ. ಅಷ್ಟು ಸುಲಭವಾದರೆ ಈ ಲೇಖನವೇ ಬೇಕಿರಲಿಲ್ಲ. ಎಡವುವ ಜಾಗಗಳು ಮೂರು.

ಒಂದು, ಎರಡು ಇಸವಿ ಇರುವ ಪಿಸ್ತೂಲು. 1917 ಎಂಬುದರ ಜೊತೆಗೆ 1920 ಎಂದೂ ಇರುತ್ತದೆ. ಯುದ್ಧ ಮುಗಿದ ಮೇಲೆ ಸೈನಿಕರು ಮನೆಗೊಯ್ದ ಆಯುಧಗಳನ್ನು ವಾಪಸು ಪಡೆಯಲು 1920ರಲ್ಲಿ ಜರ್ಮನ್ ಸರ್ಕಾರ ಕಾನೂನು ತಂದಿತು. ಆಗ ಸರ್ಕಾರದ ವಶದಲ್ಲಿದ್ದವುಗಳಿಗೆ ಗುರುತಾಗಿ 1920 ಎಂದು ಒತ್ತಿದರು. ಅದು ಆಸ್ತಿಯ ಮುದ್ರೆ, ತಯಾರಾದ ವರ್ಷವಲ್ಲ. ಇಂಥ ಪಿಸ್ತೂಲು ಹುಟ್ಟಿದ್ದು 1917ರಲ್ಲೇ.

ಎರಡು, ಇಸವಿಯ ಜಾಗದಲ್ಲಿ ಅಕ್ಷರ. ಎಸ್/42 ಪಿಸ್ತೂಲಿನ ಚೇಂಬರ್ ಮೇಲೆ ಬರೀ ‘ಕೆ’ ಎಂದಿದ್ದರೆ 1934, ‘ಜಿ’ ಎಂದಿದ್ದರೆ 1935. ಇದೂ ಅದೇ ಗುಟ್ಟಿನ ಕಾಲದ್ದು. 1936ರಿಂದ ಮತ್ತೆ ನಾಲ್ಕಂಕಿ.

ಮೂರನೆಯದೇ ನನ್ನ ಪ್ರಕಾರ ಅತಿ ಹೆಚ್ಚು ಜನರನ್ನು ಬೀಳಿಸುವುದು. ಕೊನೆಯ ವರ್ಷಗಳಲ್ಲಿ ಇಸವಿಯನ್ನು 41, 42 ಎಂದು ಎರಡೇ ಅಂಕಿಗೆ ಇಳಿಸಿದರು. ಟಾಗಲ್ ಮೇಲಿನ 42 ಮೌಸರ್ ಕಾರ್ಖಾನೆ. ಚೇಂಬರ್ ಮೇಲಿನ 42 ಎಂದರೆ 1942. ಟಾಗಲ್‌ನಲ್ಲಿ ‘42’, ಚೇಂಬರಿನಲ್ಲಿ ‘1940’ ಕಂಡರೆ ಅದು 1940ರದ್ದು. ಟಾಗಲ್‌ನಲ್ಲಿ ‘ಬಿವೈಎಫ್’, ಚೇಂಬರಿನಲ್ಲಿ ‘42’ ಕಂಡರೆ 1942ರದ್ದು. ಆ ವರ್ಷದ ಕೊನೆಗೆ ಮೌಸರಿನಲ್ಲಿ ಲೂಗರ್ ತಯಾರಿಕೆಯೇ ನಿಂತಿತು. ಒಂದೇ ಅಂಕಿ, ಎರಡು ಜಾಗ, ಎರಡು ಅರ್ಥ. ಮಾರಾಟದ ಜಾಹೀರಾತುಗಳಲ್ಲಿ ‘42ರ ಲೂಗರ್’ ಎಂದಷ್ಟೇ ಬರೆದಿದ್ದರೆ ಯಾವ 42 ಎಂದು ಕೇಳಿ.

ಹಂತ 4: ಈಗ ನಂಬರು, ಅದರ ಅಕ್ಷರದ ಸಮೇತ

ಫ್ರೇಮಿನ ಮುಂತುದಿಯಲ್ಲಿ, ನಳಿಗೆಯ ಕೆಳಗೆ ಪೂರ್ತಿ ನಂಬರು ಇರುತ್ತದೆ. ಅದರ ಅಡಿಯಲ್ಲೇ ಓಡುಬರಹದ ಒಂದು ಸಣ್ಣಕ್ಷರ. ಹಳೆಯ ಜರ್ಮನ್ ಬರವಣಿಗೆ ರೂಢಿಯಿಲ್ಲದವರು ಈ ಅಕ್ಷರವನ್ನು ಗೀರು ಎಂದೇ ಭಾವಿಸಿ ಬಿಟ್ಟುಬಿಡುತ್ತಾರೆ. ಆದರೆ ಲೆಕ್ಕ ನಿಂತಿರುವುದೇ ಅದರ ಮೇಲೆ.

ಸೇನೆಗೆ ಹೋದ ಲೂಗರ್‌ಗಳಿಗೆ ಮುಖ್ಯ ಕಾರ್ಖಾನೆಗಳು ಸಾಮಾನ್ಯವಾಗಿ ಪ್ರತಿ ವರ್ಷವೂ 1ರಿಂದ ನಂಬರು ಶುರು ಮಾಡುತ್ತಿದ್ದವು. ಸುಮಾರು 10,000 ಆದ ಮೇಲೆ ಮತ್ತೆ 1, ಈ ಸಲ ‘ಎ’ ಅಕ್ಷರದ ಜೊತೆ. ಅದೂ ಮುಗಿದರೆ ‘ಬಿ’, ಆಮೇಲೆ ‘ಸಿ’. ಹೊಸ ವರ್ಷ ಬಂದರೆ ಅಕ್ಷರವಿಲ್ಲದ 1ಕ್ಕೆ ವಾಪಸ್.

ಈಗ 4217ಕ್ಕೆ ಬರೋಣ. ಟಾಗಲ್ ಮೇಲೆ ಡಿಡಬ್ಲ್ಯುಎಂ, ಚೇಂಬರ್ ಮೇಲೆ 1916, ಫ್ರೇಮಿನಲ್ಲಿ 4217, ಕೆಳಗೆ ‘ಸಿ’ ಎಂದುಕೊಳ್ಳಿ. ಅಕ್ಷರವಿಲ್ಲದ ಮೊದಲ ಹತ್ತು ಸಾವಿರ, ‘ಎ’ಯ ಹತ್ತು ಸಾವಿರ, ‘ಬಿ’ಯ ಹತ್ತು ಸಾವಿರ ದಾಟಿ ಬಂದಿದೆ. ಅಂದರೆ ಬರ್ಲಿನ್ ಕಾರ್ಖಾನೆ 1916ರಲ್ಲಿ ಮಾಡಿದವುಗಳ ಪೈಕಿ ಹೆಚ್ಚುಕಡಿಮೆ 34,217ನೆಯದು. ಅಕ್ಷರ ಬಿಟ್ಟು ಓದಿದ್ದರೆ 4,217ನೆಯದೆಂದು ಲೆಕ್ಕ ಹಾಕಿ, ವರ್ಷದ ಆರಂಭದ್ದೆಂದು ತಪ್ಪು ತಿಳಿಯುತ್ತಿದ್ದಿರಿ.

ಖಾಸಗಿ ಮಾರುಕಟ್ಟೆಗೆ ಮಾಡಿದ ಲೂಗರ್‌ಗಳ ಕಥೆ ಬೇರೆ. ಅವುಗಳ ನಂಬರು ವರ್ಷಕ್ಕೊಮ್ಮೆ ಮೊದಲಿಗೆ ಬರದೆ ಮುಂದುವರಿಯುತ್ತಿತ್ತು. ಅವುಗಳಲ್ಲಿ ಹೆಚ್ಚಿನವಕ್ಕೆ ಚೇಂಬರ್ ಮೇಲೆ ಇಸವಿಯೂ ಇಲ್ಲ. ಯಾವ ನಂಬರು ಯಾವ ವರ್ಷದ್ದು ಎಂದು ಹೇಳುವ ಕೋಷ್ಟಕ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ.

ಹಂತ 5: ಮೈಯೆಲ್ಲಾ ಒಂದೇ ನಂಬರಾ?

ಜರ್ಮನ್ ಸೇನಾ ಪಿಸ್ತೂಲಿನಲ್ಲಿ ಮುಖ್ಯ ಭಾಗಗಳಿಗೆ ಪೂರ್ತಿ ನಂಬರು, ಸಣ್ಣ ಭಾಗಗಳಿಗೆ ಕೊನೆಯ ಎರಡಂಕಿ ಒತ್ತುತ್ತಿದ್ದರು. ನಮ್ಮ 4217ರಲ್ಲಿ ಟ್ರಿಗರ್, ಪಕ್ಕದ ತಗಡು, ಸೇಫ್ಟಿ, ಟಾಗಲ್‌ನ ತುಂಡುಗಳು ಎಲ್ಲದರ ಮೇಲೂ 17 ಇರಬೇಕು. ಇವು ಕೈಯಿಂದ ಅರದಲ್ಲಿ ಉಜ್ಜಿ, ಹೊಂದಿಸಿ ಕೂರಿಸಿದ ಭಾಗಗಳು. ಬಿಚ್ಚಿ ತೊಳೆದಾಗ ಒಂದರದ್ದು ಇನ್ನೊಂದಕ್ಕೆ ಸೇರದಿರಲಿ ಎಂದೇ ಈ ಏರ್ಪಾಟು. ಎಲ್ಲೋ ಒಂದು ಕಡೆ 63 ಕಂಡರೆ ಆ ಭಾಗ ಬೇರೆ ಪಿಸ್ತೂಲಿನಿಂದ ಬಂದದ್ದು. ವಯಸ್ಸು ಬದಲಾಗುವುದಿಲ್ಲ, ಬೆಲೆ ಮಾತ್ರ ಇಳಿಯುತ್ತದೆ.

ಮ್ಯಾಗಜಿನ್‌ನ ತಳದಲ್ಲೂ ನಂಬರು ಉಂಟು. ಪ್ರತಿ ಪಿಸ್ತೂಲಿಗೆ ಎರಡು ಮ್ಯಾಗಜಿನ್ ಕೊಡುತ್ತಿದ್ದರು. ಎರಡನೆಯದಕ್ಕೆ ನಂಬರಿನ ಜೊತೆ ಕೂಡಿಸುವ ಚಿಹ್ನೆ. ಇಷ್ಟು ವರ್ಷದ ಮೇಲೆ ಎರಡೂ ಜೊತೆಯಾಗಿ ಸಿಗುವುದು ಅಪರೂಪ.

ಹಂತ 6: ಹದ್ದು, ಕಿರೀಟ ಮತ್ತು ಪರೀಕ್ಷಕರು

ಇಲ್ಲಿಯವರೆಗೆ ಓದಿದ್ದು ಸರಿಯೇ ಎಂದು ತಾಳೆ ನೋಡಲು ತಪಾಸಣೆಯ ಮುದ್ರೆಗಳು ಬೇಕು. ಕೈಸರ್ (ಜರ್ಮನ್ ಚಕ್ರವರ್ತಿ) ಕಾಲದವುಗಳಲ್ಲಿ ಕಿರೀಟದ ಕೆಳಗೆ ಒಂದೊಂದು ಅಕ್ಷರ ಇರುವ ಪುಟ್ಟ ಮುದ್ರೆಗಳು ಸಾಲಾಗಿ ಇರುತ್ತವೆ. ಎರ್ಫುರ್ಟ್‌ನವರಂತೂ ಸಿಕ್ಕ ಸಿಕ್ಕ ಸಣ್ಣ ತುಂಡಿಗೂ ಮುದ್ರೆ ಒತ್ತಿದ್ದಾರೆ. ಹಿಟ್ಲರ್ ಕಾಲದವುಗಳಲ್ಲಿ ಹದ್ದು, ಅದರಡಿ ತಪಾಸಣಾ ತಂಡದ ಸಂಖ್ಯೆ. ಮೌಸರ್ ಲೂಗರ್‌ಗಳಲ್ಲಿ 63, ಆಮೇಲೆ 655, ಕೊನೆಯಲ್ಲಿ 135. ವಾಲ್ಥರಿಗೆ 359. ಬಿವೈಎಫ್ 42 ಎಂದಿರುವ ಪಿಸ್ತೂಲಿನಲ್ಲಿ ಹದ್ದಿನಡಿ 63 ಕಂಡರೆ ಏನೋ ಎಡವಟ್ಟಾಗಿದೆ ಎಂದೇ ಲೆಕ್ಕ.

ಖಾಸಗಿ ಪಿಸ್ತೂಲುಗಳಿಗೆ ಇನ್ನೂ ಸರಳವಾದ ಗಡಿ ಇದೆ. ನಳಿಗೆಯ ಬಲ ಪರೀಕ್ಷಿಸಿದ ಮುದ್ರೆ ಕಿರೀಟದ ಕೆಳಗೆ ‘ಎನ್’ ಆಗಿದ್ದರೆ ಸಾಮಾನ್ಯವಾಗಿ 1940ಕ್ಕಿಂತ ಮೊದಲಿನದು. ಹದ್ದಿನ ಕೆಳಗೆ ‘ಎನ್’ ಆಗಿದ್ದರೆ 1940ರ ಏಪ್ರಿಲ್ ನಂತರದ್ದು. ಪಿಪಿ, ಪಿಪಿಕೆಗಳಿಗೆ ನಾನು ಮೊದಲು ನೋಡುವುದು ಇದನ್ನೇ. ನಂಬರಿನ ಕೊನೆಗೆ ‘ಪಿ’ ಅಥವಾ ‘ಕೆ’ ಇದ್ದರೆ ಅದೂ 1930ರ ದಶಕದ ಕೊನೆಯ ನಂತರದ್ದೆಂಬ ಸೂಚನೆ.

ಪಿ 38 ಆದರೆ

ಇದು ಲೂಗರಿಗಿಂತ ಸುಲಭ. ಸಂಕೇತ, ಇಸವಿ ಎರಡೂ ಸ್ಲೈಡಿನ ಎಡಬದಿಯಲ್ಲೇ ಇವೆ. ‘ಎಸಿ’ ಎಂದರೆ ಝೆಲ್ಲಾ-ಮೆಹ್ಲಿಸ್ ಊರಿನ ವಾಲ್ಥರ್. ಎಸಿ 41, ಎಸಿ 43 ಹೀಗೆ ಓದುತ್ತಾ ಹೋದರಾಯಿತು. ಮೊದಮೊದಲು ಅಕ್ಷರ ಮೇಲೆ, ಅಂಕಿ ಕೆಳಗೆ ಇರುತ್ತಿತ್ತು. ಆಮೇಲೆ ಒಂದೇ ಸಾಲಿಗೆ ಬಂತು. 1943ರಲ್ಲಿ ಎರಡೂ ಬಗೆ ಸಿಗುತ್ತವೆ. ಎಸಿಗೂ ಮುಂಚೆ 1940ರಲ್ಲಿ ಸ್ವಲ್ಪ ಕಾಲ ‘480’ ಎಂಬ ಸಂಕೇತವಿತ್ತು. ಅದಕ್ಕೂ ಹಿಂದಿನವು ಸೊನ್ನೆಯಿಂದ ಶುರುವಾಗುವ ನಂಬರಿನವು. ಮೌಸರ್ ಮಾಡಿದವಕ್ಕೆ ‘ಬಿವೈಎಫ್’, 1945ರಲ್ಲಿ ‘ಎಸ್‌ವಿಡಬ್ಲ್ಯು’. ಇಸವಿಯೇ ಇಲ್ಲದೆ ಬರೀ ‘ಸಿವೈಕ್ಯು’ ಎಂದಿದ್ದರೆ ಈಗಿನ ಚೆಕ್ ಗಣರಾಜ್ಯದಲ್ಲಿರುವ ಹ್ರಾಡೆಕ್ ಊರಿನ ಸ್ಪ್ರೀವೆರ್ಕ್ ಕಾರ್ಖಾನೆಯದು. ಅದು 1942ರಿಂದ ಯುದ್ಧದ ಕೊನೆಯವರೆಗಿನದು.

ಎಸ್‌ವಿಡಬ್ಲ್ಯು 46 ಎಂಬುದನ್ನು ಕಂಡು ಗಾಬರಿಯಾಗಬೇಡಿ, ನಕಲಿ ಎಂದು ತಳ್ಳಿಯೂ ಹಾಕಬೇಡಿ. ಫ್ರೆಂಚ್ ಸೇನೆ 1945ರ ಏಪ್ರಿಲ್‌ನಲ್ಲಿ ಓಬರ್ನ್‌ಡಾರ್ಫ್ ಹಿಡಿದುಕೊಂಡ ಮೇಲೆ ತನಗಾಗಿ ಅಲ್ಲೇ ಪಿಸ್ತೂಲು ಮಾಡಿಸಿತು. ಅವುಗಳ ಮೇಲೆ ಪುಟ್ಟ ನಕ್ಷತ್ರವಿರುತ್ತದೆ.

ಸಿ 96ರ ಬಗ್ಗೆ ಎರಡೇ ಮಾತು. 1896ರಿಂದ 1930ರ ದಶಕದವರೆಗೆ ಅದರ ನಂಬರು ಬಹುಮಟ್ಟಿಗೆ ಮುಂದುವರಿದುಕೊಂಡು ಹೋಗಿರುವುದರಿಂದ ಕೋಷ್ಟಕ ಸಾಕು. ಹಿಡಿಯ ಮೇಲೆ ಕೆತ್ತಿದ ಕೆಂಪು 9 ಇದ್ದರೆ ಮಾತ್ರ ಆ ಕೋಷ್ಟಕ ಮುಚ್ಚಿಡಿ. ಅದು ಮೊದಲ ಮಹಾಯುದ್ಧದಲ್ಲಿ ಪ್ರಷ್ಯಾ ಸೇನೆಗೆ ಮಾಡಿದ ಕಂತು, ಅದರ ನಂಬರು ಪ್ರತ್ಯೇಕ.

ಯುದ್ಧಾನಂತರದ ಅಕ್ಷರಗಳು

ವಾಲ್ಥರ್ ಯುದ್ಧದ ನಂತರ ಪಶ್ಚಿಮ ಜರ್ಮನಿಯ ಉಲ್ಮ್ ನಗರದಲ್ಲಿ ನೆಲೆಯೂರಿತು. ಅಲ್ಲಿನ ಪರೀಕ್ಷಾ ಕೇಂದ್ರದ ಗುರುತು ಜಿಂಕೆಯ ಕೊಂಬು. ಪಕ್ಕದಲ್ಲಿ ಎರಡಕ್ಷರ ಇದ್ದರೆ ಅದೇ ಇಸವಿ: ಎ ಎಂದರೆ 0, ಬಿ 1, ಸಿ 2, ಡಿ 3, ಇ 4, ಎಫ್ 5, ಜಿ 6, ಎಚ್ 7, ಐ 8. ‘ಜೆ’ ಬಿಟ್ಟು ‘ಕೆ’ 9. ‘ಎಚ್‌ಎಫ್’ ಎಂದರೆ 1975, ‘ಐಇ’ ಎಂದರೆ 1984.

ಹಂತ 7: ಮೋಸ ಹಿಡಿಯುವುದು

ಮುದ್ರೆಗಳೆಲ್ಲ ತಾಳೆಯಾದರೂ ಲೋಹದ ಬಣ್ಣ ನೋಡದೆ ಮಾತು ಮುಗಿಸಬೇಡಿ. ಹಳೆಯದಕ್ಕೆ ಪಾಲಿಶ್ ಹಾಕಿ ಮತ್ತೆ ಕಪ್ಪುನೀಲಿ ಬಣ್ಣ ಏರಿಸಿದರೆ ಅಕ್ಷರಗಳ ಅಂಚು ಮೊಂಡಾಗುತ್ತದೆ, ಮೂಲೆಗಳು ದುಂಡಗಾಗುತ್ತವೆ, ಹದ್ದಿನ ಗರಿಗಳು ಅಳಿಸಿಹೋಗುತ್ತವೆ. ಹೊಸದಾಗಿ ಒತ್ತಿದ ಅಂಕಿಯ ಸುತ್ತ ಲೋಹ ಉಬ್ಬಿ ನಿಂತಿರುವುದು ಓರೆ ಬೆಳಕಿನಲ್ಲಿ ಕಾಣುತ್ತದೆ.

ಲೂಗರಿನಲ್ಲಿ ಇನ್ನೊಂದು ಪರೀಕ್ಷೆ ಉಂಟು, ದೂರದ ಫೋಟೊದಲ್ಲೂ ನಡೆಯುತ್ತದೆ. 1937ರ ಸುಮಾರಿನವರೆಗೆ ಟ್ರಿಗರ್, ಸೇಫ್ಟಿ ಕೀಲಿ, ಬಿಚ್ಚುವ ಕೀಲಿ ಮುಂತಾದ ಸಣ್ಣ ಭಾಗಗಳನ್ನು ಕಾಯಿಸಿ ಒಣಹುಲ್ಲಿನ ಹಳದಿಗೆ ತರುತ್ತಿದ್ದರು. ಅದಾದ ಮೇಲೆ ಅವಕ್ಕೂ ಉಳಿದ ಮೈಯಂತೆ ಕಪ್ಪುನೀಲಿಯೇ. 1916 ಎಂದು ಒತ್ತಿರುವ ಪಿಸ್ತೂಲಿಗೆ ಟ್ರಿಗರ್ ಮಿರಮಿರ ಕಪ್ಪಾಗಿದ್ದರೆ ಯಾರೋ ಅದನ್ನು ಪೂರ್ತಿ ಬಣ್ಣದಲ್ಲಿ ಅದ್ದಿ ತೆಗೆದಿದ್ದಾರೆ. ಬಿವೈಎಫ್ 41ಕ್ಕೆ ಹಳದಿ ಟ್ರಿಗರ್ ಇದ್ದರೆ ಅದು ಹಳೆಯದೊಂದರಿಂದ ಕಿತ್ತು ಹಾಕಿದ್ದು. ಅದರ ಮೇಲಿನ ಎರಡಂಕಿಯನ್ನು ಫ್ರೇಮಿನ ನಂಬರಿನ ಜೊತೆ ಹೋಲಿಸಿ ನೋಡಿ.